ವಿಯು ಕಾಲ್‌ಸೈನ್ ಹೊರದೇಶದಲ್ಲಿ ಎಲ್ಲಿಯವರೆಗೆ ನಡೆಯುತ್ತದೆ

ಭಾರತದ ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸ್, ಅಂದರೆ ವಿಯು ಎಂದು ಶುರುವಾಗುವ ಕಾಲ್‌ಸೈನ್ (ರೇಡಿಯೋದಲ್ಲಿ ಹೇಳುವ ಗುರುತಿನ ಹೆಸರು) ಇರುವವರು ಅಮೆರಿಕಕ್ಕೆ ಹೋದರೆ ಅರ್ಜಿ ಹಾಕದೆ, ಶುಲ್ಕ ಕಟ್ಟದೆ ಅಲ್ಲಿಂದ ಮಾತಾಡಬಹುದು. ಅದೇ ಲೈಸೆನ್ಸ್ ಹಿಡಿದು ಪ್ಯಾರಿಸ್ಸಿನಲ್ಲಿ ಇಳಿದರೆ ಮೈಕ್ ಒತ್ತುವಂತಿಲ್ಲ. ಟೋಕಿಯೋದಲ್ಲೂ ಇಲ್ಲ. ದುಬೈಯಲ್ಲಿ ಮಾತಾಡುವ ವಿಷಯ ಹಾಗಿರಲಿ, ಸೆಟ್ಟನ್ನು (ರೇಡಿಯೋ ಯಂತ್ರವನ್ನು) ಒಳಗೆ ತರುವುದಕ್ಕೇ ಮೊದಲು ಕಾಗದ ಬೇಕು. ಮಂಗಳೂರು, ಉಡುಪಿಯಲ್ಲಿ ಹೊರದೇಶದ ನೆಂಟಸ್ತಿಕೆ ಇಲ್ಲದ ಮನೆ ಕಡಿಮೆ. ಮಗಳ ಬಾಣಂತನಕ್ಕೆಂದು ಆರು ತಿಂಗಳು ಕ್ಯಾಲಿಫೋರ್ನಿಯಾಕ್ಕೆ ಹೋಗುವ, ಗಲ್ಫಿನಲ್ಲಿ ನೌಕರಿಯಲ್ಲಿರುವ, ಹಡಗು ಹತ್ತುವ ಹ್ಯಾಮ್‌ಗಳು ಇಲ್ಲಿ ಬೇಕಾದಷ್ಟು. ಅವರೆಲ್ಲ ಕೇಳುವುದು ಒಂದೇ: 'ನಮ್ಮ ಲೈಸೆನ್ಸ್ ಅಲ್ಲಿ ನಡೆಯುತ್ತದಾ?' ಎಲ್ಲ ದೇಶಕ್ಕೂ ಹೊಂದುವ ಉತ್ತರ ಇಲ್ಲ. ನಡೆಯುತ್ತದೆ ಎನ್ನುವ ಕಡೆಯೂ ನಾವು ಅಂದುಕೊಂಡಷ್ಟು ನಡೆಯುವುದಿಲ್ಲ. ಕಾಗದ ಒಟ್ಟು ಮಾಡುವುದರಿಂದ ಹಿಡಿದು ಊರಿಗೆ ಮರಳಿ ಲಾಗ್ (ಸಂಪರ್ಕಗಳ ದಾಖಲೆ) ಏರಿಸುವವರೆಗಿನ ದಾರಿಯಲ್ಲಿ ಎಲ್ಲೆಲ್ಲಿ ಎಡವುತ್ತೇವೆ ಎಂಬುದನ್ನು ಇಲ್ಲಿ ಬರೆದಿದ್ದೇವೆ.

ಬುಡದಿಂದ ಶುರುಮಾಡೋಣ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ರೇಡಿಯೋ ನಿಯಮಗಳಲ್ಲಿ ಹವ್ಯಾಸಿ ಸೇವೆಗೆ ಮೀಸಲಾದುದು 25ನೇ ವಿಧಿ. ತನ್ನ ನೆಲಕ್ಕೆ ತಾತ್ಕಾಲಿಕವಾಗಿ ಬಂದ ಪರದೇಶದ ಲೈಸೆನ್ಸ್‌ದಾರನಿಗೆ ಪ್ರಸಾರ ಮಾಡಲು ಬಿಡಬೇಕೋ ಬೇಡವೋ, ಬಿಟ್ಟರೆ ಯಾವ ಷರತ್ತಿನ ಮೇಲೆ ಎಂಬುದನ್ನು ಆಯಾ ದೇಶವೇ ತೀರ್ಮಾನಿಸಬಹುದು ಎಂದು 2003ರ ಸಮ್ಮೇಳನದಲ್ಲಿ ಆ ವಿಧಿಗೆ ಸೇರಿಸಿದ್ದಾರೆ. ಅಂದರೆ ವಿಶ್ವಸಂಸ್ಥೆಯ ಮಟ್ಟದಲ್ಲಿ ನಮಗೆ ಯಾವ ಹಕ್ಕೂ ಇಲ್ಲ. ಅತಿಥೇಯ ದೇಶದ ಮರ್ಜಿ. ಆ ಮರ್ಜಿಯನ್ನು ದೇಶಗಳು ಒಟ್ಟಾಗಿಯೋ ಇಬ್ಬಿಬ್ಬರಾಗಿಯೋ ಕಾಗದಕ್ಕೆ ಇಳಿಸಿಕೊಂಡಿವೆ, ಅಷ್ಟೆ.

ಒಟ್ಟಾಗಿ ಮಾಡಿಕೊಂಡದ್ದರಲ್ಲಿ ಯುರೋಪಿನ ಅಂಚೆ-ದೂರಸಂಪರ್ಕ ಆಡಳಿತಗಳ ಕೂಟವಾದ ಸೆಪ್ಟ್‌ನ ಶಿಫಾರಸು ದೊಡ್ಡದು. ಟಿ/ಆರ್ 61-01 ಎಂಬ ಹೆಸರಿನ ಈ ಕಾಗದ 1985ರಲ್ಲಿ ಫ್ರಾನ್ಸಿನ ನೀಸ್‌ನಲ್ಲಿ ಆಯಿತು. 1992ರಲ್ಲಿ ಯುರೋಪಿನ ಹೊರಗಿನ ದೇಶಗಳಿಗೂ ಬಾಗಿಲು ತೆರೆಯಿತು. ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ, ಇಸ್ರೇಲ್ ಹಾಗೆ ಒಳಗೆ ಹೋದವು. ಇದರಡಿ ಬರುವ ಲೈಸೆನ್ಸ್ ಇದ್ದವರು ಇನ್ನೊಂದು ಸದಸ್ಯ ದೇಶಕ್ಕೆ ಹೋದಾಗ ಮೂರು ತಿಂಗಳವರೆಗೆ ಆ ದೇಶದ ಪ್ರಿಫಿಕ್ಸ್ (ಕಾಲ್‌ಸೈನಿನ ಮುಂದೆ ಸೇರಿಸುವ ಅಕ್ಷರ) ಹಾಕಿಕೊಂಡು ಮಾತಾಡಬಹುದು, ಅರ್ಜಿ ಬೇಡ. ಉತ್ತರ ಮತ್ತು ದಕ್ಷಿಣ ಅಮೆರಿಕ ಖಂಡಗಳ ದೇಶಗಳು 1995ರಲ್ಲಿ ಹೈಟಿಯ ಮೊಂತ್ರುಯಿಯಲ್ಲಿ ಐಎಆರ್‌ಪಿ ಎಂಬ ಪರ್ಮಿಟ್ ಮಾಡಿಕೊಂಡವು. ಭಾರತ ಇವೆರಡರಲ್ಲೂ ಇಲ್ಲ. ಆದ್ದರಿಂದ ಯುರೋಪಿನ ಪ್ರವಾಸಕ್ಕೆ ಹೊರಟ ವಿಯು2 ಹ್ಯಾಮ್ ಹೋಗುವ ದೇಶದ ನಿಯಂತ್ರಕರಿಗೆ ಮುಂಚಿತವಾಗಿ ಬರೆದು ಕೇಳಬೇಕು. ಹತ್ತು ದಿನದಲ್ಲಿ ಐದು ದೇಶ ತೋರಿಸುವ ಪ್ಯಾಕೇಜ್ ಟೂರಾದರೆ ಐದು ಪತ್ರವ್ಯವಹಾರ. ಅಷ್ಟು ಕಷ್ಟಪಡುವ ಬದಲು ಸೆಟ್ ಮನೆಯಲ್ಲೇ ಬಿಟ್ಟು ಹೋಗುವುದು ವಾಸಿ ಎಂಬುದು ನಮ್ಮ ಅಭಿಪ್ರಾಯ.

ಇದಕ್ಕೆ ಒಂದು ಒಳದಾರಿ ಇದೆ, ಅದು ಅಲ್ಲೇ ನೆಲೆಸಿ ಓದುವವರಿಗೆ ಮಾತ್ರ. ಮಣಿಪಾಲದಲ್ಲೋ ಸುರತ್ಕಲ್‌ನಲ್ಲೋ ಇಂಜಿನಿಯರಿಂಗ್ ಮುಗಿಸಿ ಜರ್ಮನಿಗೆ ಎಂ.ಎಸ್. ಮಾಡಲು ಹೋದ ಹುಡುಗ ಅಲ್ಲಿನ ಎ ದರ್ಜೆಯ ಪರೀಕ್ಷೆ ಪಾಸು ಮಾಡಿ ಡಿಎಲ್ ಕಾಲ್‌ಸೈನ್ ತೆಗೆದುಕೊಂಡರೆ, ಪಾಸ್‌ಪೋರ್ಟ್ ಭಾರತದ್ದಾದರೂ ಆ ಜರ್ಮನ್ ಲೈಸೆನ್ಸಿನ ಮೇಲೆ ಯುರೋಪಿನ ಸೆಪ್ಟ್ ದೇಶಗಳು ತೆರೆದುಕೊಳ್ಳುತ್ತವೆ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿನ ಎಕ್ಸ್‌ಟ್ರಾ ದರ್ಜೆಯ ಲೈಸೆನ್ಸ್ ಪಡೆದ ಭಾರತೀಯ ಪ್ರಜೆಗೆ ಸೆಪ್ಟ್ ಸೌಲಭ್ಯ ಸಿಗದು. ಅಮೆರಿಕದ ದೂರಸಂಪರ್ಕ ನಿಯಂತ್ರಕ ಎಫ್‌ಸಿಸಿ ಹೊರಡಿಸಿದ ಪ್ರಕಟಣೆ ಅದನ್ನು ಅಮೆರಿಕದ ಪ್ರಜೆಗಳಿಗೆ ಮಾತ್ರ ಎಂದು ಕಟ್ಟಿಹಾಕಿದೆ. ಅದರ ಪ್ರತಿಯನ್ನೂ ಪೌರತ್ವದ ದಾಖಲೆಯನ್ನೂ ಜತೆಗೆ ಇಟ್ಟುಕೊಳ್ಳಬೇಕೆಂದೂ ಅದರಲ್ಲಿದೆ. ಗ್ರೀನ್ ಕಾರ್ಡ್ ಇದ್ದರೂ ಸಾಲದು. ಎಚ್-1ಬಿಯಲ್ಲಿರುವ ನಮ್ಮ ಊರಿನ ಹುಡುಗರು ಇದನ್ನು ಗಮನಿಸದೆ ಇಟಲಿಗೆ ರಜೆಗೆ ಹೋಗುವಾಗ ಸೆಟ್ ಕಟ್ಟಿಕೊಳ್ಳುತ್ತಾರೆ.

ಇನ್ನು ಹೊರಡುವ ತಯಾರಿ. ನಮ್ಮಲ್ಲಿ ಕಾಗದಗಳು ಎರಡು: ಪರೀಕ್ಷೆ ಪಾಸಾದಾಗ ಸಿಗುವ ಆಪರೇಟರ್ ಪ್ರಮಾಣಪತ್ರ ಅಂದರೆ ಎಎಸ್‌ಒಸಿ, ಮತ್ತು ಕಾಲ್‌ಸೈನ್ ಇರುವ ಸ್ಟೇಷನ್ ಲೈಸೆನ್ಸ್. ಮಂಗಳೂರಿನ ವೈರ್‌ಲೆಸ್ ಮಾನಿಟರಿಂಗ್ ಸ್ಟೇಷನ್‌ನಲ್ಲಿ ಪರೀಕ್ಷೆ ಬರೆದು, ಸರಳ ಸಂಚಾರ್ ಪೋರ್ಟಲಿನಲ್ಲಿ ಲೈಸೆನ್ಸಿಗೆ ಅರ್ಜಿ ಹಾಕಿದವರಿಗೆ ಈ ವ್ಯತ್ಯಾಸ ಗೊತ್ತಿರುತ್ತದೆ, ಹೊರದೇಶದ ಅಧಿಕಾರಿಗೆ ಗೊತ್ತಿರುವುದಿಲ್ಲ. ಒಂದನ್ನು ಮಾತ್ರ ಕಳಿಸಿದರೆ 'ಇದರಲ್ಲಿ ಕಾಲ್‌ಸೈನ್ ಇಲ್ಲ' ಎಂದೋ 'ಇದರಲ್ಲಿ ಪರೀಕ್ಷೆಯ ದರ್ಜೆ ಕಾಣುವುದಿಲ್ಲ' ಎಂದೋ ಮರುಪತ್ರ ಬಂದು ವಾರಗಳು ಕಳೆಯುತ್ತವೆ. ಎರಡನ್ನೂ ಒಂದೇ ಪಿಡಿಎಫ್ ಮಾಡಿ, ಪಾಸ್‌ಪೋರ್ಟಿನ ಫೋಟೋ ಪುಟವನ್ನು ಅದರ ಹಿಂದೆ ಸೇರಿಸಿ ಕಳಿಸುವುದು ಒಳ್ಳೆಯದು.

ಹೆಸರಿನ ಕಿರಿಕಿರಿ ಇದಕ್ಕಿಂತ ದೊಡ್ಡದು. ನಮ್ಮ ಕಡೆಯ ಹೆಸರುಗಳಲ್ಲಿ ಮುಂದೆ ಊರಿನದೋ ತಂದೆಯದೋ ಇನಿಷಿಯಲ್ಲು, ಹಿಂದೆ ಭಟ್, ಶೆಟ್ಟಿ, ರಾವ್, ಡಿಸೋಜ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ನೋಡಿ ಮಾಡಿಸಿದ ಹಳೆಯ ಲೈಸೆನ್ಸಿನಲ್ಲಿ ಬರೀ ಇನಿಷಿಯಲ್ಲು ಇರುತ್ತದೆ, ಪಾಸ್‌ಪೋರ್ಟಿನಲ್ಲಿ ಅದು ಬಿಡಿಸಿಕೊಂಡು ಸರ್‌ನೇಮ್ ಆಗಿ ಕೂತಿರುತ್ತದೆ. ಮನೆಯಲ್ಲಿ ಕುಳಿತು ನೋಡಿದರೆ ಇಬ್ಬರೂ ಒಬ್ಬರೇ. ಇಮೇಲಿನಲ್ಲಿ ಎರಡು ಪಿಡಿಎಫ್ ತೆರೆದ ಗುಮಾಸ್ತನಿಗೆ ಇಬ್ಬರು ಬೇರೆ ಬೇರೆ. ಟಿಕೆಟ್ ಮಾಡಿಸುವ ಮೊದಲೇ ಲೈಸೆನ್ಸಿನ ಹೆಸರನ್ನು ಪಾಸ್‌ಪೋರ್ಟಿನಂತೆ ತಿದ್ದಿಸಿಕೊಳ್ಳಿ. ಲೈಸೆನ್ಸಿನ ಅವಧಿಯೂ ವಾಪಸಾಗುವ ದಿನಾಂಕ ದಾಟಿರಬೇಕು. ಆಜೀವ ಲೈಸೆನ್ಸ್ ಇರುವವರ ಕಾಗದದಲ್ಲಿ ಮುಕ್ತಾಯದ ದಿನಾಂಕ ಇರದೆಯೂ ಇರಬಹುದು. ದಿನಾಂಕದ ಖಾಲಿ ಜಾಗ ಕಂಡು ಗಾಬರಿಯಾಗುವ ಅಧಿಕಾರಿಗಳೂ ಇದ್ದಾರೆ. ಅರ್ಜಿಯ ಜತೆಗಿನ ಪತ್ರದಲ್ಲೇ ಅದನ್ನು ಒಂದು ಸಾಲಿನಲ್ಲಿ ವಿವರಿಸಿಬಿಡಿ.

ಈಗ ಅಮೆರಿಕ. ಪರಸ್ಪರ ಒಪ್ಪಂದಕ್ಕೆ ಅಲ್ಲಿ ಕಾನೂನು ದಾರಿ ಮಾಡಿಕೊಟ್ಟದ್ದು 1964ರಲ್ಲಿ. ಭಾರತದ ಜತೆಗೂ ದ್ವಿಪಕ್ಷೀಯ ಒಪ್ಪಂದ ಇದೆ. ಎಫ್‌ಸಿಸಿಯ 97ನೇ ಭಾಗದ ನಿಯಮ 97.107ರ ಪ್ರಕಾರ, ಒಪ್ಪಂದ ಇರುವ ದೇಶದ ಪ್ರಜೆ ತನ್ನ ದೇಶದ ಲೈಸೆನ್ಸಿನ ಮೇಲೆಯೇ ಅಲ್ಲಿ ಸ್ಟೇಷನ್ ನಡೆಸಬಹುದು. ಪ್ರತ್ಯೇಕ ಪರ್ಮಿಟ್ ಇಲ್ಲ. ಪಾಸ್‌ಪೋರ್ಟ್ ಮತ್ತು ಲೈಸೆನ್ಸ್ ಕೈಯಲ್ಲಿದ್ದರೆ ಮುಗಿಯಿತು. ಹೀಗೆ ಹೇಳಿದ ಕೂಡಲೇ ನಮ್ಮವರಿಗೆ ಅಮೆರಿಕದ ಹ್ಯಾಮ್‌ಗಳಿಗಿರುವುದೆಲ್ಲ ನಮಗೂ ಸಿಕ್ಕಿತು ಎಂಬ ಭಾವನೆ ಬರುತ್ತದೆ. ನಿಯಮದ ಮುಂದಿನ ಸಾಲುಗಳನ್ನು ಓದಬೇಕು. ಅತಿಥಿಗೆ ಸಿಗುವುದು ಒಪ್ಪಂದದ ಷರತ್ತು, ಅವನ ಸ್ವಂತ ಲೈಸೆನ್ಸಿನ ಷರತ್ತು, ಅಮೆರಿಕದ ನಿಯಮ, ಈ ಮೂರೂ ಒಪ್ಪುವಷ್ಟು ಮಾತ್ರ. ಯಾವುದು ಬಿಗಿಯೋ ಅದು ಲಾಗು.

ಇದನ್ನು ಬ್ಯಾಂಡಿನ (ಹ್ಯಾಮ್‌ಗಳಿಗೆ ಬಿಟ್ಟಿರುವ ಫ್ರೀಕ್ವೆನ್ಸಿ ಪಟ್ಟಿಯ) ಮೇಲೆ ಇಟ್ಟು ನೋಡಿದರೆ ಎಷ್ಟು ಕಿರಿದು ಎಂದು ತಿಳಿಯುತ್ತದೆ. 40 ಮೀಟರ್ ತೆಗೆದುಕೊಳ್ಳಿ. ನಮ್ಮಲ್ಲಿ 7.000ದಿಂದ 7.200 ಮೆಗಾಹರ್ಟ್ಜ್, ಅಮೆರಿಕದಲ್ಲಿ 7.300ರವರೆಗೆ. ಆದರೆ ಅಲ್ಲಿ ಧ್ವನಿ ಶುರುವಾಗುವುದೇ 7.125ರಿಂದ. ನಮ್ಮಲ್ಲಿ ಬೆಳಗ್ಗಿನ ಮಾತುಕತೆ ನಡೆಯುವ 7.100ರ ಕೆಳಗಿನ ಜಾಗದಲ್ಲಿ ಅಲ್ಲಿ ಎಸ್‌ಎಸ್‌ಬಿ (ಧ್ವನಿ ಕಳಿಸುವ ಒಂದು ವಿಧಾನ) ಒತ್ತಿದರೆ ನಿಯಮಭಂಗ. 7.200ರ ಮೇಲೆ ಅಮೆರಿಕನ್ನರು ಗಂಟಲು ಹರಿದು ಮಾತಾಡುತ್ತಿರುತ್ತಾರೆ, ಅದು ನಮ್ಮ ಲೈಸೆನ್ಸಿನಲ್ಲಿ ಇಲ್ಲ. ಉಳಿದದ್ದು 7.125ರಿಂದ 7.200, ಬರೀ 75 ಕಿಲೋಹರ್ಟ್ಜ್. 80 ಮೀಟರಿನಲ್ಲಿ ನಮಗಿರುವುದು 3.500–3.700 ಮತ್ತು 3.890–3.900, ಅಲ್ಲಿನ ಧ್ವನಿಯ ಭಾಗ 3.600ರಿಂದ ಮೇಲೆ. ಹೀಗಾಗಿ 3.600–3.700 ಮತ್ತು ಮೇಲಿನ ಆ 10 ಕಿಲೋಹರ್ಟ್ಜ್ ತುಂಡು ಉಳಿಯುತ್ತದೆ. 20 ಮೀಟರ್ ಮಾತ್ರ ಸಲೀಸು: 14.150ರಿಂದ 14.350ರವರೆಗೆ ಧ್ವನಿ, ಎರಡೂ ಕಡೆಗೆ ಹೊಂದುತ್ತದೆ. 15 ಮೀಟರಿನಲ್ಲಿ 21.200ರಿಂದ, 10 ಮೀಟರಿನಲ್ಲಿ 28.300ರಿಂದ ಧ್ವನಿ. ಈ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು ಸೆಟ್ಟಿನ ಮೇಲೆ ಅಂಟಿಸಿಕೊಳ್ಳಿ. ಎಸ್‌ಎಸ್‌ಬಿಯಲ್ಲಿ ಡಯಲ್ ತೋರಿಸುವುದು ವಾಹಕ ತರಂಗದ ಜಾಗವನ್ನು; ಅದರಲ್ಲಿ ಎಲ್‌ಎಸ್‌ಬಿ ಎಂಬ ವಿಧ ಬಳಸಿದರೆ ನಮ್ಮ ಧ್ವನಿ ಅದರ ಕೆಳಗೆ ಸುಮಾರು 3 ಕಿಲೋಹರ್ಟ್ಜ್ ಹರಡುತ್ತದೆ. ಡಯಲ್ 7.126ರಲ್ಲಿದ್ದರೆ ಧ್ವನಿ ಗೆರೆಯ ಹೊರಗೆ ಬಿದ್ದಿರುತ್ತದೆ.

ಕೈಯಲ್ಲಿ ಹಿಡಿಯುವ ಸೆಟ್ಟಿನದು ಇನ್ನೂ ವಿಚಿತ್ರ. ನಮ್ಮ 2 ಮೀಟರ್ ಬ್ಯಾಂಡ್ 144–146, ಅಲ್ಲಿ 144–148. ಅಮೆರಿಕದಲ್ಲಿ ಎಲ್ಲರೂ ಕರೆಯುವ ಸಿಂಪ್ಲೆಕ್ಸ್ (ಸೆಟ್ಟಿನಿಂದ ಸೆಟ್ಟಿಗೆ ನೇರ) ಫ್ರೀಕ್ವೆನ್ಸಿ 146.520. ಅದು ನಮ್ಮ ಗೆರೆಯ ಆಚೆ. 70 ಸೆಂಟಿಮೀಟರಿನಲ್ಲಿ ನಮಗೆ 434–438 ಮಾತ್ರ, ಅಲ್ಲಿನ 446.000 ಕೂಡ ಹೊರಗೆ. ಹಾಗಾದರೆ ಹ್ಯಾಂಡಿ ಒಯ್ಯುವುದೇ ದಂಡವೇ ಎಂದರೆ, ಅಲ್ಲ. 145.100ರಿಂದ 145.500ರ ನಡುವೆ ಔಟ್‌ಪುಟ್ ಇರುವ ರಿಪೀಟರ್‌ಗಳು (ಮಾತನ್ನು ಹಿಡಿದು ದೂರಕ್ಕೆ ಮತ್ತೆ ಕಳಿಸುವ ನಿಲ್ದಾಣಗಳು) ಅಲ್ಲಿ ಬಹಳ. ಅವುಗಳ ಇನ್‌ಪುಟ್ 600 ಕಿಲೋಹರ್ಟ್ಜ್ ಕೆಳಗೆ, ಅಂದರೆ 144.500–144.900. ಎರಡೂ ನಮ್ಮ ಬ್ಯಾಂಡಿನ ಒಳಗೇ ಬರುತ್ತವೆ. ಹೋಗುವ ಊರಿನ ರಿಪೀಟರ್ ಪಟ್ಟಿಯಿಂದ ಇಂಥವನ್ನು ಮಾತ್ರ ಆರಿಸಿ, ಟೋನ್ ಸಮೇತ ಇಲ್ಲೇ ಪ್ರೋಗ್ರಾಂ ಮಾಡಿಕೊಂಡು ಹೋದರೆ ಇಳಿದ ದಿನವೇ ಮಾತು ಶುರು. 435–438ರ ಉಪಗ್ರಹದ ಭಾಗವೂ ನಮ್ಮ ಬ್ಯಾಂಡಿನಲ್ಲಿ ಪೂರ್ತಿ ಬರುತ್ತದೆ. ವಾಟ್ ಕೂಡ ಹಾಗೆಯೇ: ಅಲ್ಲಿ 1500 ವಾಟ್ ಇದ್ದರೇನು, ನಮ್ಮ ಜನರಲ್ ದರ್ಜೆಯ ಮಿತಿ 400, ವಿಯು3 ರಿಸ್ಟ್ರಿಕ್ಟೆಡ್‌ನವರಿಗೆ ಎಚ್‌ಎಫ್‌ನಲ್ಲಿ (30 ಮೆಗಾಹರ್ಟ್ಜ್‌ನ ಒಳಗೆ) 50. ಅದು ಅಮೆರಿಕಕ್ಕೂ ಜತೆಯಲ್ಲೇ ಬರುತ್ತದೆ.

ಕಾಲ್‌ಸೈನ್ ಹೇಳುವ ಕ್ರಮ 97.119ರಲ್ಲಿದೆ. ಇರುವ ಜಾಗದ ಅಕ್ಷರ ಮತ್ತು ಅಂಕೆ ಮೊದಲು, ನಮ್ಮ ಕಾಲ್‌ಸೈನ್ ಆಮೇಲೆ: ಕ್ಯಾಲಿಫೋರ್ನಿಯಾದಲ್ಲಿ 'ಡಬ್ಲ್ಯು6 ಸ್ಟ್ರೋಕ್ ವಿಯು2…' (ಸ್ಟ್ರೋಕ್ ಅಂದರೆ ಓರೆಗೆರೆ), ನ್ಯೂಜೆರ್ಸಿಯಲ್ಲಿ ಡಬ್ಲ್ಯು2, ಟೆಕ್ಸಾಸಿನಲ್ಲಿ ಡಬ್ಲ್ಯು5. ಕಾರಿನಲ್ಲಿ ನೆವಾಡದ ಗಡಿ ದಾಟಿದರೆ ಡಬ್ಲ್ಯು7 ಆಗುತ್ತದೆ. ಹತ್ತು ನಿಮಿಷಕ್ಕೊಮ್ಮೆ ಮತ್ತು ಮಾತು ಮುಗಿಸುವಾಗ ಕಾಲ್‌ಸೈನ್ ಹೇಳುವುದು ಎಲ್ಲರಿಗೂ ಇರುವ ನಿಯಮ. ಅತಿಥಿಗಳಿಗೆ ಇನ್ನೊಂದು ಹೆಚ್ಚಿಗೆ ಇದೆ: ಪ್ರತಿ ಸಂಪರ್ಕದಲ್ಲಿ ಒಂದು ಸಲವಾದರೂ ಊರು ಮತ್ತು ರಾಜ್ಯದ ಹೆಸರನ್ನು ಇಂಗ್ಲಿಷಿನಲ್ಲಿ ಹೇಳಬೇಕು. ಕನ್ನಡದಲ್ಲೋ ತುಳುವಿನಲ್ಲೋ ಹರಟಿದರೂ ಅದಷ್ಟು ಇಂಗ್ಲಿಷಿನಲ್ಲಿರಲಿ. ಬಾಯಲ್ಲಿ ಮಾತಾಡುವಾಗ ಇದು ತಾನಾಗಿ ಬಂದುಬಿಡುತ್ತದೆ.

ಕಂಪ್ಯೂಟರಿನಿಂದ ಪುಟ್ಟ ಸಂದೇಶ ಕಳಿಸುವ ಎಫ್‌ಟಿ8ರಲ್ಲಿ ಬರುವುದಿಲ್ಲ. ಆ ಮೋಡಿನ ಸಂದೇಶ ಬರೀ 77 ಬಿಟ್. ಸಾಮಾನ್ಯ ಕಾಲ್‌ಸೈನ್ ಎರಡು ಮತ್ತು ಗ್ರಿಡ್ (ಜಾಗದ ಸಂಕೇತ) ಒಂದು ಅದರೊಳಗೆ ಹಿಡಿಯುತ್ತವೆ. ಮುಂದೆ ಪ್ರಿಫಿಕ್ಸ್ ಸೇರಿ ಉದ್ದವಾದ ನಮ್ಮದು ಹಿಡಿಯುವುದಿಲ್ಲ. ಡಬ್ಲ್ಯುಎಸ್‌ಜೆಟಿ-ಎಕ್ಸ್ ತಂತ್ರಾಂಶ ಇಂಥದ್ದನ್ನು 11 ಅಕ್ಷರದವರೆಗೆ ಒಪ್ಪಿಕೊಂಡು, ಸಂದೇಶದಲ್ಲಿ ಇಬ್ಬರಲ್ಲಿ ಒಬ್ಬರ ಕಾಲ್‌ಸೈನನ್ನು ಹ್ಯಾಶ್ ಮಾಡಿ (ಚಿಕ್ಕ ಸಂಕೇತಕ್ಕೆ ಇಳಿಸಿ) ಕಳಿಸುತ್ತದೆ. ಸಿಕ್ಯು (ಯಾರಾದರೂ ಉತ್ತರಿಸಿ ಎಂಬ ಕರೆ) ಕರೆಯುವಾಗ ಗ್ರಿಡ್ ಹೋಗುವುದಿಲ್ಲ. ಎದುರಿನವರ ಪರದೆಯಲ್ಲಿ ನಮ್ಮ ಪೂರ್ತಿ ಕಾಲ್‌ಸೈನ್ ಮೊದಲೇ ಒಂದು ಸಲ ಡಿಕೋಡ್ ಆಗಿರದಿದ್ದರೆ ಚುಕ್ಕಿಗಳಷ್ಟೇ ಕಾಣುತ್ತವೆ. ಎದುರಿನವರದೂ ಇಂಥದೇ ಉದ್ದ ಕಾಲ್‌ಸೈನ್ ಆದರೆ ಸಂಪರ್ಕ ಆಗುವುದೇ ಇಲ್ಲ. ಆದ್ದರಿಂದ ಬೇರೆಯವರ ಕರೆಗೆ ಉತ್ತರಿಸುವುದಕ್ಕಿಂತ ನಾವೇ ಸಿಕ್ಯು ಕರೆದು ಕಾಯುವುದು ಮೇಲು. ಆಗ ನಮ್ಮ ಹೆಸರು ಪೂರ್ತಿಯಾಗಿ ಎಲ್ಲರಿಗೂ ತಲುಪಿರುತ್ತದೆ. ಊರಿನ ಹೆಸರು ಹೇಳುವ ನಿಯಮಕ್ಕೆ ಕೊನೆಯ 73ರ (ಶುಭಾಶಯದ ಸಂಕೇತದ) ಬದಲು ಫ್ರೀ ಟೆಕ್ಸ್ಟ್ ಬಳಸಬಹುದು. ಅದಕ್ಕೆ 13 ಅಕ್ಷರ, ಅಲ್ಪವಿರಾಮ ನಡೆಯದು. ಇಂಗ್ಲಿಷಿನಲ್ಲಿ ಸ್ಯಾನ್ ಹೊಸೆ ಮತ್ತು ರಾಜ್ಯದ ಎರಡಕ್ಷರ ಸೇರಿ 11 ಆಗುತ್ತದೆ, ಸನಿವೇಲ್ 12. ಸ್ಯಾನ್ ಫ್ರಾನ್ಸಿಸ್ಕೋ 16 ಆಗುವುದರಿಂದ ಮೊಟಕು ಮಾಡಬೇಕು.

ಮನೆಯವರಿಗೆ ಮೈಕ್ ಕೊಡುವ ಆಸೆ ಎಲ್ಲರಿಗೂ ಇರುತ್ತದೆ: ಮೊಮ್ಮಗು ಅಲ್ಲಿಂದ ಉಡುಪಿಯ ಅಜ್ಜಿಗೆ ಹಲೋ ಹೇಳಲಿ ಎಂದು. ಲೈಸೆನ್ಸ್ ಇಲ್ಲದವರ ಮಾತನ್ನು ಇನ್ನೊಂದು ದೇಶಕ್ಕೆ ದಾಟಿಸಲು ಅಮೆರಿಕಕ್ಕೆ ಪ್ರತ್ಯೇಕ ತೃತೀಯ ವ್ಯಕ್ತಿ ಒಪ್ಪಂದ ಬೇಕು, ಭಾರತದೊಂದಿಗೆ ಅದು ಇಲ್ಲ. ಆ ಹಲೋ ವಾಟ್ಸಾಪಿನಲ್ಲೇ ಆಗಲಿ.

ಅಲ್ಲೇ ಪರೀಕ್ಷೆ ಬರೆದು ಅಮೆರಿಕದ ಕಾಲ್‌ಸೈನ್ ತೆಗೆದುಕೊಂಡರೆ ಈ ಬಿಗಿಯೆಲ್ಲ ಸಡಿಲವಾಗುತ್ತದೆ. ವಿದೇಶಿ ಸರಕಾರದ ಪ್ರತಿನಿಧಿ ಆಗಿರದಿದ್ದರೆ ಯಾವ ದೇಶದ ಪ್ರಜೆಯೂ ಬರೆಯಬಹುದು. ಅಂಚೆ ತಲುಪುವ ಅಮೆರಿಕದ ವಿಳಾಸ ಒಂದು ಬೇಕು, ಮಗಳ ಮನೆಯದು ಸಾಕು. ಟೆಕ್ನಿಷಿಯನ್ ಮತ್ತು ಜನರಲ್ ತಲಾ 35 ಪ್ರಶ್ನೆ, 26 ಸರಿಯಾದರೆ ಪಾಸು. ಎಕ್ಸ್‌ಟ್ರಾಕ್ಕೆ 50ರಲ್ಲಿ 37. ಪ್ರಶ್ನೆಗಳ ಪೂರ್ತಿ ಭಂಡಾರ ಮೊದಲೇ ಪ್ರಕಟವಾಗಿರುತ್ತದೆ, ಮೋರ್ಸ್ ಇಲ್ಲ. ಎಫ್‌ಸಿಸಿ ಶುಲ್ಕ 2022ರ ಏಪ್ರಿಲಿನಿಂದ 35 ಡಾಲರ್. ಆರು ತಿಂಗಳು ಇರುವವರು ಇದನ್ನೇ ಮಾಡುವುದು ಒಳ್ಳೆಯದು ಎಂದು ನಾವು ಹೇಳುತ್ತೇವೆ. ಆದರೆ ಎಫ್‌ಸಿಸಿ ಲೈಸೆನ್ಸ್ ಬಂದ ಕ್ಷಣದಿಂದ 97.107ರ ಅತಿಥಿ ಸೌಲಭ್ಯ ನಿಮಗೆ ರದ್ದು. ಮತ್ತೆ ಡಬ್ಲ್ಯು6 ಸ್ಟ್ರೋಕ್ ವಿಯು2 ಎಂದು ಹೇಳುವಂತಿಲ್ಲ. ಟೆಕ್ನಿಷಿಯನ್ ಮಾತ್ರ ಪಾಸು ಮಾಡಿ ನಿಂತುಬಿಟ್ಟರೆ, ವಿಯು2 ಮೇಲೆ ಇದ್ದ 20 ಮೀಟರಿನ ಧ್ವನಿಯೂ ಕೈತಪ್ಪುತ್ತದೆ. ಬರೆಯುವುದಾದರೆ ಜನರಲ್‌ವರೆಗೆ ಒಂದೇ ಕೂತಲ್ಲಿ ಬರೆಯಿರಿ.

ಸಾಮಾನು ಕಟ್ಟುವಾಗ ಮೊದಲು ಬ್ಯಾಟರಿಯ ಲೆಕ್ಕ. ವಿಮಾನದಲ್ಲಿ ಬಿಡಿ ಲಿಥಿಯಂ ಬ್ಯಾಟರಿ ಕೈಚೀಲದಲ್ಲೇ ಹೋಗಬೇಕು. 100 ವಾಟ್-ಅವರ್ ಒಳಗಿದ್ದರೆ ತೊಂದರೆ ಇಲ್ಲ. 100ರಿಂದ 160ಕ್ಕೆ ವಿಮಾನ ಕಂಪನಿಯ ಒಪ್ಪಿಗೆ ಬೇಕು, ಅದೂ ಎರಡೇ. ಅದಕ್ಕಿಂತ ದೊಡ್ಡದು ಇಲ್ಲವೇ ಇಲ್ಲ. 12.8 ವೋಲ್ಟಿನ 6 ಆಂಪಿಯರ್-ಅವರ್ ಎಲ್‌ಎಫ್‌ಪಿ (ಒಂದು ಬಗೆಯ ಲಿಥಿಯಂ) ಬ್ಯಾಟರಿ 76.8 ವಾಟ್-ಅವರ್, ಸಲೀಸು. ಅದೇ 12 ಆಂಪಿಯರ್-ಅವರ್ ಆದರೆ 153.6, ಕೌಂಟರಿನಲ್ಲಿ ಮಾತು ಬೆಳೆಯುತ್ತದೆ. ಊರಲ್ಲೇ ಕಟ್ಟಿಸಿದ, ಮೈಮೇಲೆ ಯಾವ ಅಂಕಿಯೂ ಇಲ್ಲದ ಪ್ಯಾಕ್ ಎಷ್ಟೇ ಚಿಕ್ಕದಾದರೂ ಬಜ್ಪೆ ವಿಮಾನ ನಿಲ್ದಾಣದ ಭದ್ರತಾ ತಪಾಸಣೆ ದಾಟುವುದು ಕಷ್ಟ. ವಾಟ್-ಅವರ್ ಅಚ್ಚಾಗಿರುವ ಕಾರ್ಖಾನೆಯ ಪ್ಯಾಕ್ ಒಯ್ಯಿರಿ. ಹ್ಯಾಂಡಿಯ ಆಂಟೆನಾ, ಬ್ಯಾಟರಿ ಕಳಚಿ ಬೇರೆ ಬೇರೆ ಇಡಿ, ಲೈಸೆನ್ಸಿನ ಪ್ರತಿ ಅದರ ಮೇಲೆಯೇ ಇರಲಿ.

ವಾಪಸು ಬರುವಾಗ 'ಇದು ಅಲ್ಲಿ ಕೊಂಡದ್ದಲ್ಲವೇ' ಎಂಬ ಪ್ರಶ್ನೆ ಬಾರದಿರಲು, ಹೋಗುವಾಗಲೇ ಕಸ್ಟಮ್ಸ್‌ನಲ್ಲಿ ಸೆಟ್ ತೋರಿಸಿ ರಫ್ತು ಪ್ರಮಾಣಪತ್ರ ಮಾಡಿಸಿಕೊಳ್ಳಬೇಕು. ಮಾದರಿ, ಸೀರಿಯಲ್ ನಂಬರ್ ಅದರಲ್ಲಿ ಬರೆಯುತ್ತಾರೆ. ಮಂಗಳೂರಿನಿಂದ ನೇರ ಗಲ್ಫಿಗೆ ಹೊರಡುವವರಿಗೆ ಇದು ಬಜ್ಪೆಯಲ್ಲೇ. ಬೆಂಗಳೂರು, ಮುಂಬೈ ಮೂಲಕ ಹೋಗುವವರಿಗೆ ಅಲ್ಲಿ, ಯಾಕೆಂದರೆ ದೇಶ ಬಿಡುವ ನಿಲ್ದಾಣ ಅದು. ಇಲ್ಲೇ ಒಂದು ಸಿಕ್ಕು: ಬಜ್ಪೆಯಲ್ಲಿ ಬ್ಯಾಗನ್ನು ಸ್ಯಾನ್ ಫ್ರಾನ್ಸಿಸ್ಕೋದವರೆಗೆ ಟ್ಯಾಗ್ ಮಾಡಿ ಕೊಟ್ಟುಬಿಟ್ಟರೆ ಮುಂಬೈಯಲ್ಲಿ ತೋರಿಸಲು ಸೆಟ್ಟೇ ಕೈಯಲ್ಲಿರುವುದಿಲ್ಲ. ಹಾಗಾಗಿ ಎಚ್‌ಎಫ್ ಸೆಟ್ ಕೈಚೀಲದಲ್ಲಿರಲಿ. ಐಸಿ-705ರಂಥ ಪುಟ್ಟ ಸೆಟ್ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ; ಸ್ವಂತ ಬ್ಯಾಟರಿಯಲ್ಲಿ 5 ವಾಟ್, ಹೊರಗಿನ 13.8 ವೋಲ್ಟ್ ಕೊಟ್ಟರೆ 10. ಹೊಸ ಸೆಟ್ ಅಲ್ಲಿ ಕೊಂಡು ತರುವ ಯೋಚನೆ ಇದ್ದರೆ ಅದು ಬೇರೆ ಕತೆ, ಆಮದು ಪರವಾನಗಿಯ ಕೆಲಸ ಹೊರಡುವ ಮೊದಲೇ ಮುಗಿದಿರಬೇಕು.

ಅಮೆರಿಕದ ಮನೆಯಲ್ಲಿ ಕರೆಂಟು 120 ವೋಲ್ಟ್, 60 ಹರ್ಟ್ಜ್. ಇಲ್ಲಿನ 230 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಸಪ್ಲೈ ಅಲ್ಲಿ ಅರ್ಧಕ್ಕೇ ನಿಲ್ಲುತ್ತದೆ. 100–240 ಎಂದು ಬರೆದಿರುವ ಸ್ವಿಚ್ ಮೋಡ್ ಸಪ್ಲೈ ಬೇಕು. ಆಂಟೆನಾಕ್ಕೆ ತುದಿಯಿಂದ ಫೀಡ್ ಮಾಡುವ ಅರ್ಧ ತರಂಗದ ತಂತಿ ಸುಲಭ: 20 ಮೀಟರಿಗೆ ಸುಮಾರು 10.1 ಮೀಟರ್ ತಂತಿ, 40ಕ್ಕೆ 20 ಮೀಟರ್. ಎಫ್‌ಟಿ140-43 ಫೆರೈಟ್ ಉಂಗುರದ ಮೇಲೆ 2 ಸುತ್ತಿಗೆ 14 ಸುತ್ತು, ಪ್ರೈಮರಿಗೆ ಅಡ್ಡಲಾಗಿ 100 ಪಿಕೋಫ್ಯಾರಡ್‌ನ ಹೈ ವೋಲ್ಟೇಜ್ ಕೆಪಾಸಿಟರ್, 49:1 ಟ್ರಾನ್ಸ್‌ಫಾರ್ಮರ್ ಆಯಿತು. 10–20 ವಾಟಿಗೆ ಧಾರಾಳ. ಇಲ್ಲಿ ತೆಂಗಿನ ಮರಕ್ಕೆ ಕಟ್ಟಿದಷ್ಟು ನಿರಾಳವಾಗಿ ಅಲ್ಲಿ ಕಟ್ಟಲಾಗದು. ಬಡಾವಣೆಯ ಸಂಘಗಳು ಕಣ್ಣಿಗೆ ಬೀಳುವ ತಂತಿಯನ್ನು ಒಪ್ಪುವುದಿಲ್ಲ. ಮರದ ಬೇಲಿಯ ಮೇಲಂಚಿನಲ್ಲಿ ತೆಳು ತಂತಿ ಓಡಿಸಿದರೆ ಯಾರಿಗೂ ಕಾಣುವುದಿಲ್ಲ. ಹೊಸ ಮನೆಗಳ ಎಎಫ್‌ಸಿಐ ಬ್ರೇಕರ್‌ಗಳನ್ನು ಮಾತ್ರ ನೆನಪಿಡಿ. ತಂತಿಯಲ್ಲಿ ಕಿಡಿ ಹಾರುವುದನ್ನು ಪತ್ತೆಮಾಡುವ ಈ ಬ್ರೇಕರ್‌ಗಳು ಎಚ್‌ಎಫ್ ಅಲೆಯನ್ನೇ ಕಿಡಿ ಎಂದು ತಿಳಿದು ಬಿದ್ದುಬಿಡುತ್ತವೆ. ಮೈಕ್ ಒತ್ತಿದಾಗಲೆಲ್ಲ ಮಲಗುವ ಕೋಣೆಯ ದೀಪ ಹೋದರೆ ಕಾರಣ ಅದೇ. ಆಂಟೆನಾದ ಟ್ರಾನ್ಸ್‌ಫಾರ್ಮರ್ ಹತ್ತಿರ ಕೋಆಕ್ಸಿಗೆ (ಸೆಟ್ಟಿನಿಂದ ಬರುವ ಕೇಬಲಿಗೆ) ಮಿಕ್ಸ್ 31 ಫೆರೈಟಿನ ಚೋಕ್ ಹಾಕಿ, ತಂತಿಯನ್ನು ಗೋಡೆಯಿಂದ ದೂರ ಸರಿಸಿ, ವಾಟ್ ಇಳಿಸಿದರೆ ಸರಿಹೋಗುತ್ತದೆ.

ಗಲ್ಫಿನ ವಿಷಯ ಚುಟುಕಾಗಿ ಹೇಳಿಬಿಡಬಹುದು: ಅನುಮತಿಪತ್ರ ಕೈಗೆ ಬಾರದೆ ಸೆಟ್ ಒಯ್ಯಬೇಡಿ. ಯುಎಇಯಲ್ಲಿ ಟಿಡಿಆರ್‌ಎ, ಒಮಾನಿನಲ್ಲಿ ಮತ್ತು ಬಹರೈನಿನಲ್ಲಿ ಟಿಆರ್‌ಎ, ಕತಾರಿನಲ್ಲಿ ಸಿಆರ್‌ಎ, ಕುವೈತಿನಲ್ಲಿ ಸಿಟ್ರಾ, ಸೌದಿಯಲ್ಲಿ ಸಿಎಸ್‌ಟಿ. ಇವರಲ್ಲಿ ಯಾರ ನೆಲವೋ ಅವರ ಬರಹ ಬೇಕು. ಅಮೆರಿಕಕ್ಕೆ ದುಬೈ ಮೂಲಕ ಹೋಗುವವರು ನಡುವೆ ಎರಡು ದಿನ ತಂಗಿ ನೆಂಟರನ್ನು ನೋಡುವ ಯೋಜನೆ ಹಾಕುತ್ತಾರೆ. ಟ್ರಾನ್ಸಿಟ್ಟಿನಲ್ಲಿ ಕುಳಿತಿರುವ ಸೆಟ್ಟಿಗೂ ಕಸ್ಟಮ್ಸ್ ದಾಟಿ ಹೊರಗೆ ಬಂದ ಸೆಟ್ಟಿಗೂ ವ್ಯತ್ಯಾಸ ಇದೆ. ತಂಗುವುದಾದರೆ ಹ್ಯಾಂಡಿ ಊರಲ್ಲೇ ಇರಲಿ.

ನಮಗೆ ಹತ್ತಿರದ, ಅರ್ಜಿ ಹಾಕಿದರೆ ಸಿಗುವ ಜಾಗ ಮಾಲ್ಡೀವ್ಸ್. ಅಲ್ಲಿನ ಕಮ್ಯುನಿಕೇಶನ್ಸ್ ಅಥಾರಿಟಿ ಪ್ರವಾಸಿ ಹ್ಯಾಮ್‌ಗಳಿಗೆ 8ಕ್ಯು7ರಿಂದ ಶುರುವಾಗುವ ಕಾಲ್‌ಸೈನ್ ಕೊಡುತ್ತದೆ. ಲೈಸೆನ್ಸ್, ಪಾಸ್‌ಪೋರ್ಟ್ ಪ್ರತಿ, ಸೆಟ್ಟಿನ ವಿವರ ಸಿದ್ಧವಿರಲಿ. ತಂಗುವ ರೆಸಾರ್ಟಿನವರಿಂದಲೂ ತಂತಿ ಕಟ್ಟಲು ಒಪ್ಪಿಗೆ ಮೊದಲೇ ಕೇಳಿ. ಸಮುದ್ರದ ಅಂಚಿನಲ್ಲಿ 10 ವಾಟಿಗೆ ಬರುವ ಉತ್ತರಗಳು ಒಳನಾಡಿನಲ್ಲಿ 100 ವಾಟಿಗೂ ಬರುವುದಿಲ್ಲ. ಶ್ರೀಲಂಕಾದಲ್ಲಿ ಟಿಆರ್‌ಸಿಎಸ್‌ಎಲ್‌ಗೆ ಅರ್ಜಿ. ಕಾಲ್‌ಸೈನ್ 4ಎಸ್7ರಿಂದ ಶುರುವಾಗುತ್ತದೆ. ಇಷ್ಟೆಲ್ಲ ಹೇಳಿ ಲಕ್ಷದ್ವೀಪ ಬಿಟ್ಟರೆ ಮಂಗಳೂರಿನವರು ಸುಮ್ಮನಿರಲಿಕ್ಕಿಲ್ಲ. ಹಳೆ ಬಂದರಿನಿಂದ ಸರಕಿನ ಮಂಜಿಗಳು ಹೋಗುವ ಆ ದ್ವೀಪ ನಮ್ಮದೇ ದೇಶ, ಆದರೆ ವಿಯು7 ಬೇರೆ ಲೆಕ್ಕ. ಪ್ರವೇಶದ ಪರ್ಮಿಟ್ ಬೇರೆ, ಲೈಸೆನ್ಸ್ ಕೊಡುವ ದಿಲ್ಲಿಯ ಕಚೇರಿ ಡಬ್ಲ್ಯುಪಿಸಿಯ ವಿಶೇಷ ಅನುಮತಿ ಬೇರೆ. ಕ್ಯಾಲಿಫೋರ್ನಿಯಾಕ್ಕಿಂತ ಕವರತ್ತಿ ಕಷ್ಟ.

ಹಡಗಿನವರಿಗೆ: ಮೊದಲು ಕ್ಯಾಪ್ಟನ್‌ನ ಲಿಖಿತ ಒಪ್ಪಿಗೆ. ಆಮೇಲೆ ಹಡಗಿನ ಧ್ವಜ ಯಾವ ದೇಶದ್ದು ನೋಡಿ. ಭಾರತದ ಧ್ವಜವಾದರೆ ನಮ್ಮ ಲೈಸೆನ್ಸ್, ಕಾಲ್‌ಸೈನಿನ ಹಿಂದೆ ಎಂಎಂ (ಸಮುದ್ರದಲ್ಲಿದ್ದೇವೆ ಎಂಬ ಗುರುತು). ಪನಾಮ, ಲೈಬೀರಿಯಾದ ಧ್ವಜವಾದರೆ ನಡುಸಮುದ್ರದಲ್ಲೂ ಆ ದೇಶದ ಕಾನೂನು, ಅವರ ಅನುಮತಿ ಬೇಕು. ಇನ್ನೊಂದು ದೇಶದ ಜಲಸೀಮೆಗೆ ಹೊಕ್ಕ ಮೇಲೆ ಅಲ್ಲಿಯ ನಿಯಮ ಲಾಗು; ನವಮಂಗಳೂರು ಬಂದರಿನಲ್ಲಿ ಲಂಗರು ಹಾಕಿರುವಾಗ ಸೆಟ್ ಆಫ್. ಆಂಟೆನಾವನ್ನು ಬ್ರಿಡ್ಜಿನ ತಂತಿಗಳಿಂದ ಆದಷ್ಟು ದೂರ ಕಟ್ಟಿ. ಅಪಾಯದ ಕರೆಗಾಗಿ 8414.5 ಕಿಲೋಹರ್ಟ್ಜ್‌ನಲ್ಲಿ ಸದಾ ಕಿವಿಗೊಟ್ಟಿರುವ ಡಿಎಸ್‌ಸಿ ರಿಸೀವರಿಗೆ ನಮ್ಮ 40 ಮೀಟರ್ ತೀರ ಹತ್ತಿರ. ಅದನ್ನು ಕಿವುಡು ಮಾಡಿದರೆ ಕ್ಯಾಪ್ಟನ್ ಕೊಟ್ಟ ಒಪ್ಪಿಗೆ ಅದೇ ದಿನ ವಾಪಸ್.

ಊರಿಗೆ ಬಂದ ಮೇಲೆ ಲಾಗ್. ಡಬ್ಲ್ಯು6 ಸ್ಟ್ರೋಕ್ ಸಂಪರ್ಕಗಳನ್ನು ನಮ್ಮ ಮಾಮೂಲಿ ವಿಯು2 ಪ್ರಮಾಣಪತ್ರದಲ್ಲಿ ಎಲ್‌ಒಟಿಡಬ್ಲ್ಯು ಎಂಬ ಆನ್‌ಲೈನ್ ದಾಖಲೆಗೆ ಏರಿಸಿದರೆ ಅವೆಲ್ಲ ಭಾರತದಿಂದ ಆದವೆಂದು ದಾಖಲಾಗುತ್ತವೆ. ಎದುರಿನವರಿಗೆ ಯಾವುದೂ ತಾಳೆಯಾಗುವುದಿಲ್ಲ. ಅದರ ಟಿಕ್ಯುಎಸ್‌ಎಲ್ ತಂತ್ರಾಂಶದಲ್ಲಿ ಪ್ರಿಫಿಕ್ಸ್ ಸಮೇತ ಪೂರ್ತಿ ಕಾಲ್‌ಸೈನಿಗೆ ಹೊಸ ಪ್ರಮಾಣಪತ್ರ ಕೇಳಿ, ಡಿಎಕ್ಸ್‌ಸಿಸಿ ಘಟಕವಾಗಿ (ಹ್ಯಾಮ್ ಲೆಕ್ಕದ ದೇಶವಾಗಿ) ಅಮೆರಿಕವನ್ನು ಆರಿಸಿ, ಮೊದಲ ಮತ್ತು ಕೊನೆಯ ಸಂಪರ್ಕದ ದಿನಾಂಕಗಳನ್ನು ಕೊಡಿ. ಸ್ಟೇಷನ್ ಲೊಕೇಶನ್ ಕೂಡ ಬೇರೆಯೇ ಮಾಡಿಕೊಳ್ಳಬೇಕು, ಕೌಂಟಿಯ ಹೆಸರು ತುಂಬಿಸಿ. ಕೌಂಟಿ ಲೆಕ್ಕ ಹಾಕುವ ಅಮೆರಿಕನ್ ಹ್ಯಾಮ್‌ಗಳು ಅದು ಖಾಲಿ ಇದ್ದರೆ ಇಮೇಲ್ ಬರೆದು ಕೇಳುತ್ತಾರೆ. ನೆವಾಡಕ್ಕೆ ಹೋಗಿ ಡಬ್ಲ್ಯು7 ಬಳಸಿದ್ದರೆ ಅದಕ್ಕೆ ಇನ್ನೊಂದು ಪ್ರಮಾಣಪತ್ರ. ದಿನಾಂಕ, ಸಮಯ ಎರಡೂ ಜಾಗತಿಕ ಸಮಯ ಯುಟಿಸಿಯಲ್ಲಿರಲಿ. ಕ್ಯಾಲಿಫೋರ್ನಿಯಾದ ಸಂಜೆ ಯುಟಿಸಿಯಲ್ಲಿ ಮರುದಿನವಾಗಿರುತ್ತದೆ, ಕೈಯಲ್ಲಿ ಬರೆದ ಲಾಗ್ ತಪ್ಪುವುದು ಹೆಚ್ಚಾಗಿ ಅಲ್ಲೇ.